ಅರಿವು ಕೇಂದ್ರದಾಗ ಹುಡುಗ್ರ ಗೋಡೆಪತ್ರಿಕೆ: ಪ್ರಬಂಧ ಬಿಡಿಸಿ ಸುದ್ದಿ ಬರಸೂದು ಹ್ಯಾಂಗ?

ಅರಿವು ರೋಣ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ. ರೋಣ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಅರಿವು ಕೇಂದ್ರದ ಗ್ರಂಥಾಲಯ ನೋಡಿಕೊಳ್ಳೂ ಕೆಲಸ. ದಿನಾ ಸಂಜಿಮುಂದ ಬರೂ ಹುಡುಗ್ರು 14 ಮಂದಿ, ಎಂಟನೇತ್ತದಿಂದ ಪಿಯುಸಿ ತನಕ. ಅದರಾಗ 9 ಹೆಣ್ಣುಮಕ್ಕಳು. ಊರಾಗ ಏನು ನಡದೈತಿ, ಅದರ ಬಗ್ಗೆ ತಮಗೇನು ಅನಸತೈತಿ ಅನ್ನೂದನ್ನ ಈ ಹುಡುಗ್ರ ಕೈಲೆ ಹೊರಗ ತರೂವಂಥ ಪತ್ರಿಕೆ ಸುರು ಮಾಡೂ ವಿಚಾರ ಐತಿ. ಕೈಯಾಗ ಇರೂದು ಎರಡು ಸ್ಮಾರ್ಟ್‌ಫೋನು, ನುಡಿ (ಕನ್ನಡ ಟೈಪ್ ಮಾಡೂ ತಂತ್ರಾಂಶ) ಹಾಕಿದ ಒಂದು ಹಳೇ ಕಂಪ್ಯೂಟರು, 3,000 ರೂಪಾಯಿ.

ತೊಡಕು ಏನಂದ್ರ, ‘ಊರಿನ ಬಗ್ಗೆ ಬರೀರಿ’ ಅಂದ್ರ ಎಲ್ಲಾರೂ ಪರೀಕ್ಷಾದಾಗಿನ ಪ್ರಬಂಧನ ಬರೀತಾರ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ‘ನೀರು ಅಮೂಲ್ಯವಾದದ್ದು, ಅದನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ.’ ಬಾಯಿಲೆ ಮಾತಾಡುಮುಂದ ಮಾತ್ರ ಅದ ಹುಡುಗಿ ‘ಬಸ್ ನಿಲ್ಲಸಂಗಿಲ್ರಿ, ಮೊದಲನೇ ಪಿರಿಯಡ್ ತಪ್ಪತೈತಿ’ ಅಂತ ಪಟಪಟ ಹೇಳ್ತಾಳ. ಆ ಮಾತು ಹಾಳಿ ಮ್ಯಾಲ ಇಳಿಯೂದಿಲ್ಲ. ಅದನ್ನ ಇಳಸೂದು ಹ್ಯಾಂಗ? ಹಾಳಿ ಎಷ್ಟು ದೊಡ್ಡದಿರಬೇಕು, ಎಲ್ಲಿ ಹಚ್ಚಬೇಕು? ಯಾವುದರ ಪರವಾನಗಿ ಬೇಕೇನು? ಬರಿಯಾಕ ಹಿಂಜರಿಯೂ ಮೂರ್ನಾಲ್ಕು ಹುಡುಗ್ರೂ ಅದಾರ, ಅವರನ್ನ ಹೊರಗ ಬಿಡಾಕ ಮನಸಿಲ್ಲ. ಬಲ್ಲವರು ಹೇಳ್ರಿ.


ಡೆಸ್ಕ್ ಹುಬ್ಬಳ್ಳಿ

ಅಕ್ಕಾರ, ಆ ಹುಡುಗಿ ಬಾಯಿಂದ ಬಂದ ಮಾತೇ ನಿಮ್ಮ ಮೊದಲ ಸಂಚಿಕೆಯ ಮುಖ್ಯ ಸುದ್ದಿ. ‘ಊರಿನ ಬಗ್ಗೆ ಬರೀರಿ’ ಅನ್ನುವುದನ್ನು ಇವತ್ತೇ ಬಿಟ್ಟುಬಿಡಿ. ವಿಷಯ ದೊಡ್ಡದಾದಷ್ಟೂ ಪ್ರಬಂಧವೇ ಬರುತ್ತದೆ. ‘ನೀರು’, ‘ಪರಿಸರ’, ‘ಶಿಕ್ಷಣ’ ಅಂದರೆ ಯಾರನ್ನೂ ಕೇಳಬೇಕಾಗಿಲ್ಲ, ಎಲ್ಲಿಗೂ ಹೋಗಬೇಕಾಗಿಲ್ಲ, ಕುಂತಲ್ಲೇ ಪುಟ ತುಂಬುತ್ತದೆ. ವಿಷಯ ಒಪ್ಪುವ ಮೊದಲು ಮೂರು ಮಾತು ಕೇಳಿ: ಇದು ನಡೆಯುವುದು ಯಾವ ಜಾಗದಲ್ಲಿ? ಯಾವ ಹೊತ್ತಿಗೆ? ಇದಕ್ಕೆ ಉತ್ತರ ಹೇಳಬೇಕಾದವರು ಯಾರು? ಮೂರಕ್ಕೂ ಉತ್ತರ ಸಿಕ್ಕರೆ ಸುದ್ದಿ. ಒಂದಕ್ಕೆ ಸಿಗದಿದ್ದರೂ ಇನ್ನೊಂದು ವಾರ ಕಾಯಿರಿ.

ಬಸ್ಸಿನದೇ ಹಿಡಿಯೋಣ. ಎರಡು ವಾರ, ಸೋಮವಾರದಿಂದ ಶನಿವಾರ, ಒಟ್ಟು 12 ದಿನದ ದಾಖಲೆ ಇಡಿಸಿ. ಒಂದು ನೋಟ್‌ಬುಕ್‌ನಲ್ಲಿ ಆರು ಮನೆ ಗೆರೆ ಹಾಕಲಿ: ದಿನಾಂಕ, ಬಸ್ ಬರಬೇಕಾದ ಹೊತ್ತು, ಬಂದ ಹೊತ್ತು, ನಿಂತಿತೋ ಇಲ್ಲವೋ, ಹತ್ತಲಾಗದೆ ಉಳಿದ ವಿದ್ಯಾರ್ಥಿಗಳು, ಬರೆದ ಇಬ್ಬರ ಸಹಿ. ಇಬ್ಬರೇ ಯಾಕೆಂದರೆ ಒಬ್ಬರು ಬಸ್ ಹತ್ತಿ ಹೋದರೂ ಇನ್ನೊಬ್ಬರ ಕಣ್ಣು ಸಾಕ್ಷಿ ಇರುತ್ತದೆ. ಹೊತ್ತು ಫೋನಿನದೇ ಇರಲಿ. ಕೈಗಡಿಯಾರಗಳು ಒಂದಕ್ಕೊಂದು ಐದೈದು ನಿಮಿಷ ಬೇರೆ ತೋರಿಸುತ್ತವೆ. ‘ಬರಬೇಕಾದ ಹೊತ್ತು’ ಊರವರ ಬಾಯಿಮಾತಲ್ಲ. ತಾಲ್ಲೂಕು ಬಸ್ ನಿಲ್ದಾಣದ ಕಂಟ್ರೋಲರ್ ಹತ್ತಿರ ಕೇಳಿ ಬರೆದುಕೊಂಡದ್ದು. ಎಷ್ಟೋ ಸಲ ಊರವರು 8 ಗಂಟೆಯ ಬಸ್ ಅನ್ನುವುದು ವೇಳಾಪಟ್ಟಿಯಲ್ಲಿ 8.20 ಇರುತ್ತದೆ. ಅಲ್ಲಿಗೆ ಸುದ್ದಿಯೇ ಬಿದ್ದುಹೋಗುತ್ತದೆ, ಬೀಳಬೇಕಾದದ್ದೇ.

ಇಲ್ಲಿ ಹುಡುಗರು ತಪ್ಪುವ ಜಾಗ ಮೂರು. ಮೊದಲನೆಯದು, ನಾಲ್ಕು ದಿನ ಬಿಟ್ಟು ನೆನಪಿನಿಂದ ತುಂಬುವುದು. ಎಲ್ಲಾ ಹೊತ್ತೂ 8.15, 8.30 ಎಂದು ದುಂಡಗೆ ಇದ್ದರೆ ಅನುಮಾನ ಪಡಿ. ಕಣ್ಣಾರೆ ನೋಡಿ ಬರೆದದ್ದು 8.17, 8.26 ಅಂತ ಇರುತ್ತದೆ. ಎರಡನೆಯದು, ಬಸ್ ಸರಿಯಾಗಿ ಬಂದ ದಿನವನ್ನು ‘ಇದೇನು ಸುದ್ದಿ’ ಅಂತ ಬಿಟ್ಟುಬಿಡುವುದು. ಆ ದಿನಗಳೇ ನಿಮ್ಮ ಮಾತಿಗೆ ತೂಕ ಕೊಡುವುದು. ಮೂರನೆಯದನ್ನು ದೊಡ್ಡ ಪತ್ರಿಕೆಯವರೂ ಎಡವುತ್ತಾರೆ. ಐದು ದಿನ ಬಸ್ ನಿಲ್ಲಲಿಲ್ಲ, ಉಳಿದವರು 12, 14, 11, 13, 11 ಅಂತಿಟ್ಟುಕೊಳ್ಳಿ. ಕೂಡಿಸಿ ‘61 ವಿದ್ಯಾರ್ಥಿಗಳಿಗೆ ತೊಂದರೆ’ ಅಂತ ಬರೆದರೆ ಅದು ಸುಳ್ಳು, ಯಾಕೆಂದರೆ ದಿನಾ ಉಳಿದವರು ಹೆಚ್ಚೂಕಡಿಮೆ ಅದೇ ಹುಡುಗರು. ‘12 ದಿನಗಳಲ್ಲಿ 5 ದಿನ ಬಸ್ ನಿಲ್ಲಲಿಲ್ಲ. ಆ ದಿನಗಳಲ್ಲಿ 11ರಿಂದ 14 ವಿದ್ಯಾರ್ಥಿಗಳು ಊರಲ್ಲೇ ಉಳಿದರು’ ಎಂದು ಬರೆಯಬೇಕು. ಸಂತೆಯ ದಿನ ಯಾವುದೆಂದೂ ಗುರುತು ಹಾಕಿರಿ. ಐದರಲ್ಲಿ ಎರಡು ದಿನ ಸಂತೆ ಬಿದ್ದಿದ್ದರೆ ಕಾರಣದ ಒಂದು ಎಳೆ ಅಲ್ಲೇ ಇದೆ.

ದಾಖಲೆ ಆದಮೇಲೆ ಡಿಪೋ ವ್ಯವಸ್ಥಾಪಕರಿಗೆ ಹೋಗಿ ಕೇಳಬೇಕು. ವಾಯವ್ಯ ಸಾರಿಗೆಗೆ ಗದಗಿನಲ್ಲೇ ವಿಭಾಗೀಯ ಕಚೇರಿ ಇದೆ. ಡಿಪೋದಲ್ಲಿ ಉತ್ತರ ಸಿಗದಿದ್ದರೆ ಅಲ್ಲಿಗೆ ಪತ್ರ. ಹುಡುಗರು ನೋಟ್‌ಬುಕ್ ಒಯ್ಯಲಿ, ಪ್ರಶ್ನೆ ಮೂರೇ ಇರಲಿ: ಈ ಐದು ದಿನ ಯಾಕೆ ನಿಲ್ಲಲಿಲ್ಲ, ನಮ್ಮೂರು ನಿಲುಗಡೆ ಪಟ್ಟಿಯಲ್ಲಿ ಇದೆಯೇ, ಏನು ಮಾಡುತ್ತೀರಿ ಮತ್ತು ಯಾವಾಗ. ಉತ್ತರ ಹೇಳಿದಂತೆಯೇ ಬರೆದುಕೊಂಡು ಅಲ್ಲಿಯೇ ಓದಿ ತೋರಿಸಿ ಬರಬೇಕು. ಉತ್ತರ ಸಿಗಲಿಲ್ಲವೋ, ‘ಇಂಥ ತಾರೀಖಿಗೆ ಕೇಳಿದೆವು, ಈ ಹಾಳೆ ಬರೆಯುವವರೆಗೆ ಉತ್ತರ ಬಂದಿಲ್ಲ’ ಅನ್ನುವ ಒಂದು ಸಾಲು ಸಾಕು. ಬೈಗುಳದ ಒಂದು ಅಕ್ಷರವೂ ಬೇಡ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಪ್ರತಿ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ‘ಹಿಂದಿನ ಸುದ್ದಿ ಏನಾಯ್ತು?’ ಎಂಬ ಖಾಯಂ ಚೌಕ. ಹೋದ ಸಲದ ಸುದ್ದಿಗೆ ಬಂದ ಉತ್ತರ, ಬರದ ಉತ್ತರ, ನಮ್ಮದೇ ತಪ್ಪು ಇದ್ದರೆ ತಿದ್ದುಪಡಿ, ಎಲ್ಲಾ ಅಲ್ಲಿ. ಹುಡುಗರ ಪತ್ರಿಕೆಗಳು ಸಾಮಾನ್ಯವಾಗಿ ಮೂರನೇ ಸಂಚಿಕೆಗೆ ನಿಲ್ಲುವುದು ದುಡ್ಡಿಲ್ಲದೆ ಅಲ್ಲ. ಬರೆದದ್ದಕ್ಕೆ ಊರಿನಿಂದ ಹೂಂ ಇಲ್ಲ, ಊಹೂಂ ಇಲ್ಲ ಅಂದಾಗ ಬರೆಯುವವರಿಗೆ ಬೇಸರ ಬರುತ್ತದೆ. ಆ ಚೌಕ ಇದ್ದರೆ ಓದುವವರೂ ಮೊದಲು ಅದನ್ನೇ ನೋಡಲು ಬರುತ್ತಾರೆ.

ಇನ್ನು ತಿದ್ದುವುದು. ಪೆನ್ನು ನಿಮ್ಮ ಕೈಗೆ ತಗೋಬೇಡಿ. ಪೆನ್ಸಿಲ್ ಹಿಡಿದು ಅಂಚಿನಲ್ಲಿ ಪ್ರಶ್ನೆ ಮಾತ್ರ ಬರೆಯಿರಿ, ಒಂದು ಬರಹಕ್ಕೆ ಮೂರಕ್ಕಿಂತ ಹೆಚ್ಚು ಬೇಡ: ‘ಎಷ್ಟು?’, ‘ಯಾರು ಹೇಳಿದರು?’, ‘ನೀನು ನೋಡಿದೆಯಾ?’ ಬರೆದವರೇ ತಿದ್ದಿ ಬರೆಯಲಿ. ದೊಡ್ಡವರು ವಾಕ್ಯ ಚಂದ ಮಾಡಲು ಹೊರಟರೆ ಎರಡೇ ಸಂಚಿಕೆಯಲ್ಲಿ ಎಲ್ಲಾ ಬರಹಗಳ ದನಿ ಒಂದೇ ಆಗಿಬಿಡುತ್ತದೆ. ಜನ ಆಡಿದ ಮಾತು ಉದ್ಧರಣೆಯೊಳಗೆ ಆಡಿದಂತೆಯೇ ಇರಲಿ. ‘ನಿಲ್ಲಸಂಗಿಲ್ರಿ’ ಅಂದದ್ದನ್ನು ‘ನಿಲ್ಲಿಸುವುದಿಲ್ಲ’ ಮಾಡಬೇಡಿ.

ಹಾಳೆ: ಸುಮಾರು 22×28 ಇಂಚಿನ ಬಿಳಿ ಚಾರ್ಟ್ ಪೇಪರ್, ಉದ್ದುದ್ದ. ಮೇಲೆ 12 ಸೆಂ.ಮೀ. ತಲೆಪಟ್ಟಿ, ಕೆಳಗೆ ಮೂರು ಕಾಲಂ. ಅಕ್ಷರ 1 ಸೆಂ.ಮೀ. ಎತ್ತರ, ಸಾಲಿನಿಂದ ಸಾಲಿಗೆ 1.8 ಸೆಂ.ಮೀ. ಇದಕ್ಕಿಂತ ಒತ್ತೊತ್ತಾಗಿ ಬರೆದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ನಾಲ್ಕು ಅಡಿ ದೂರದಿಂದ ಕಲಸಿಹೋಗುತ್ತದೆ. ಈ ಲೆಕ್ಕಕ್ಕೆ ಒಂದು ಹಾಳೆಗೆ 300ರಿಂದ 330 ಪದ ಹಿಡಿಯುತ್ತದೆ. ಅಂದರೆ 80 ಪದದ ನಾಲ್ಕು ಬರಹ. ಎರಡು ಹಾಳೆ, ತಿಂಗಳಿಗೊಮ್ಮೆ, ಅಷ್ಟೇ ಸಾಕು. ಸ್ಕೆಚ್ ಪೆನ್ ಬೇಡ, ಬಿಸಿಲಿಗೆ ಎರಡು ವಾರದಲ್ಲಿ ಮಸುಕಾಗುತ್ತದೆ, ಹನಿ ಬಿದ್ದರೆ ಹರಡುತ್ತದೆ. ಕಪ್ಪು, ನೀಲಿ ಪರ್ಮನೆಂಟ್ ಮಾರ್ಕರ್ ತಗೊಳ್ಳಿ. ಹಳದಿ, ಕಿತ್ತಳೆಯಲ್ಲಿ ಅಕ್ಷರ ಬರೆಯಬೇಡಿ. ಮೈದಾ ಅಂಟು ಇಲಿಗೆ ಊಟ. ಥರ್ಮಾಕೋಲ್ ಹಲಗೆಗೆ ಪಿನ್ ಹಾಕಿ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ. ಹಾಳೆಯ ನಡುಭಾಗ ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಬರಲಿ, ಆಗ ಹುಡುಗರೂ ಓದುತ್ತಾರೆ, ಕಟ್ಟೆಯ ಮೇಲೆ ಕುಂತ ಹಿರಿಯರೂ ಓದುತ್ತಾರೆ. ನಿಮ್ಮ 3,000 ರೂಪಾಯಿ ಒಂದು ವರ್ಷಕ್ಕೆ ಧಾರಾಳ ಆಯಿತು.


ಅರಿವು ರೋಣ

ಸರ, ಭಾಳ ಉಪಕಾರ ಆತು. ಬಸ್ಸಿನ ವಹಿ ಈ ಸೋಮವಾರನ ಸುರು. ಇನ್ನೆರಡು ಮಾತು ಕೇಳೂದೈತಿ. ಪಂಚಾಯ್ತಿಯೊಳಗಿನ ಒಂದಿಬ್ಬರು ‘ನಮ್ಮ ಮ್ಯಾಲ ಬರಸ್ತೀರೇನು?’ ಅಂತ ಈಗ ಕೇಳಾಕತ್ತಾರ. ಹುಡುಗ್ರಿಗೆ ಏನೂ ಆಗಬಾರದು. ಎರಡನೇದು, ಇಬ್ಬರು ಹುಡುಗ್ರು ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನ ಟಿಡಿಎಸ್ ಮೀಟರ್ ಹಚ್ಚಿ ನೋಡ್ಯಾರ, 90 ತೋರಿಸೇತಿ. ‘ಘಟಕದ ನೀರು ಶುದ್ಧ’ ಅಂತ ತಲೆಬರಹ ಕೊಟ್ಟಾರ. ಹಾಕಬಹುದೇನು?


ಕಡತ ಗದಗ

ಮೇಡಂ, ಆ ತಲೆಬರಹ ಹಾಕಬೇಡಿ. ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ ಲವಣದ ಒಟ್ಟು ಪ್ರಮಾಣದ ಅಂದಾಜು ಕೊಡುತ್ತದೆ, ಅಷ್ಟೇ. ಅದು ಫ್ಲೋರೈಡ್ ಎಷ್ಟಿದೆ ಎಂದು ಹೇಳುವುದಿಲ್ಲ, ರೋಗಾಣುಗಳನ್ನಂತೂ ಕಾಣುವುದೇ ಇಲ್ಲ. ನಮ್ಮ ಜಿಲ್ಲೆಯ ಕೊಳವೆಬಾವಿ ನೀರಿನ ಮಟ್ಟಿಗೆ ಮುಖ್ಯ ಪ್ರಶ್ನೆ ಫ್ಲೋರೈಡ್. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಟಿಡಿಎಸ್‌ಗೆ ಆ ಎರಡು ಅಂಕಿ 500 ಮತ್ತು 2,000. ಹುಡುಗರು ಬರೆಯಬಹುದಾದದ್ದು ಇಷ್ಟು: ‘ಇಂಥ ದಿನ ಘಟಕದ ನೀರಿನ ಟಿಡಿಎಸ್ 90 ಇತ್ತು, ಮಿತಿ 500. ಫ್ಲೋರೈಡ್ ಪರೀಕ್ಷೆ ಕೊನೆಗೆ ಯಾವಾಗ ಆಯಿತು ಎಂದು ಪಂಚಾಯತಿಯನ್ನು ಕೇಳಿದ್ದೇವೆ.’ ಜಲಜೀವನ ಮಿಷನ್‌ನಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ನಿಮ್ಮಲ್ಲಿ ಅದು ಯಾರ ಹತ್ತಿರ ಇದೆ ಎಂದು ಹುಡುಕುವುದೇ ಒಂದು ಒಳ್ಳೆ ಸುದ್ದಿ.

ಪರವಾನಗಿ ವಿಷಯ. ಕೈಬರಹದ, ಒಂದೇ ಪ್ರತಿಯ ಗೋಡೆಪತ್ರಿಕೆಗೆ ನೋಂದಣಿ ಬೇಕಿಲ್ಲ. ಆದರೆ ಅದನ್ನೇ ನಿಗದಿತ ಅವಧಿಗೆ ಮುದ್ರಿಸಿ ಹಂಚಲು ಶುರು ಮಾಡಿದರೆ 2023ರ ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. 1867ರ ಹಳೆ ಕಾಯ್ದೆಯ ಜಾಗಕ್ಕೆ ಬಂದಿರುವ ಇದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಗದಗ ಮುದ್ರಣ ಕಾಶಿ, ಅಚ್ಚು ಹಾಕಿಸುವುದು ಇಲ್ಲಿ ಸುಲಭ ಅಂತ ಮುಂದುವರಿಯುವ ಮೊದಲು ಇದು ನೆನಪಿರಲಿ. ಹಲಗೆ ಹಾಕುವ ಜಾಗದ ಒಪ್ಪಿಗೆಯನ್ನು ಪಂಚಾಯತಿ ಅಥವಾ ಶಾಲೆಯಿಂದ ಬರಹದಲ್ಲೇ ತಗೊಳ್ಳಿ. ಇದನ್ನು ಓದುವ ಹುಬ್ಬಳ್ಳಿ-ಧಾರವಾಡದವರು ಇನ್ನೂ ಎಚ್ಚರದಿಂದಿರಬೇಕು: ಸಾರ್ವಜನಿಕ ಗೋಡೆಗೆ ಅನುಮತಿ ಇಲ್ಲದೆ ಕಾಗದ ಅಂಟಿಸುವುದು ನಗರ ಪ್ರದೇಶದಲ್ಲಿ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಅಪರಾಧ.

ಹುಡುಗರ ರಕ್ಷಣೆಗೆ ಮೊದಲ ಹೆಜ್ಜೆ ತಂದೆತಾಯಿಯ ಸಹಿ ಇರುವ ಒಪ್ಪಿಗೆ ಪತ್ರ, 18 ತುಂಬದ ಪ್ರತಿಯೊಬ್ಬರಿಂದ. ಅದರಲ್ಲಿ ಬರಹ, ಧ್ವನಿ, ಫೋಟೊ ಮೂರಕ್ಕೂ ಬೇರೆಬೇರೆ ‘ಹೌದು/ಇಲ್ಲ’ ಇರಲಿ. ಬರಹಕ್ಕೆ ಹೌದು, ಫೋಟೊಕ್ಕೆ ಬೇಡ ಅನ್ನುವ ಮನೆಗಳೇ ಹೆಚ್ಚು. ಬರಹದ ಕೆಳಗೆ ಹೆಸರು ಮತ್ತು ತರಗತಿ ಸಾಕು, ಮನೆ ವಿಳಾಸ, ಫೋನ್ ಬೇಡ. ದುಡ್ಡಿನ ಸುದ್ದಿ, ಜಗಳದ ಸುದ್ದಿ ಇದ್ದರೆ ಒಬ್ಬರ ಹೆಸರು ಹಾಕದೆ ‘ಸಂಪಾದಕ ಬಳಗ’ ಅಂತ ಹಾಕಿ.

ಪಂಚಾಯತಿಯವರಿಗೆ ಹೇಳಬೇಕಾದದ್ದು ಸರಳ: ನಿಮ್ಮ ಉತ್ತರ ಇಲ್ಲದೆ ನಿಮ್ಮ ಬಗ್ಗೆ ಒಂದು ಸಾಲೂ ಹಾಕುವುದಿಲ್ಲ. ಹೇಳಿದಂತೆ ನಡೆದುಕೊಳ್ಳಿ. ಸುದ್ದಿಯಲ್ಲಿ ‘ತಿಂದರು’, ‘ನುಂಗಿದರು’ ಅನ್ನುವ ಪದ ಬಂದರೆ ಅದು ಮಾನಹಾನಿ ಆಗಬಹುದು, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ‘ಕಾಮಗಾರಿಗೆ ಇಷ್ಟು ಮಂಜೂರು, ಇಷ್ಟು ಬಿಲ್ ಆಗಿದೆ, ಸ್ಥಳದಲ್ಲಿ ಇಷ್ಟು ಮೀಟರ್ ಕಂಡಿತು’ ಅಂದರೆ ಅದು ಮಾಹಿತಿ. ಮಂಜೂರಾತಿ, ಖರ್ಚಿನ ಅಂಕಿಗಳು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪಂಚಾಯತಿವಾರು ಸಿಗುತ್ತವೆ. ಅಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕು ಅರ್ಜಿ: ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರಿಗೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಸಮೇತ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ. ಅರ್ಜಿಗಳು ಸೋಲುವುದು ‘ಯಾಕೆ ರಸ್ತೆ ಮಾಡಿಲ್ಲ?’ ಎಂದು ಕೇಳುವುದರಿಂದ. ಮಾಹಿತಿ ಹಕ್ಕಿನಲ್ಲಿ ಕಾರಣ, ಅಭಿಪ್ರಾಯ ಸಿಗುವುದಿಲ್ಲ, ಕಡತದಲ್ಲಿರುವ ಕಾಗದ ಸಿಗುತ್ತದೆ. ‘ಇಂಥ ರಸ್ತೆಯ ಅಂದಾಜು ಪತ್ರಿಕೆ, ಅಳತೆ ಪುಸ್ತಕ, ಬಿಲ್‌ಗಳ ದೃಢೀಕೃತ ನಕಲು ಕೊಡಿ’ ಎಂದು ಕೇಳಿ. ಅರ್ಜಿಗೆ ನಿಮ್ಮಂಥ ದೊಡ್ಡವರು ಯಾರಾದರೂ ಸಹಿ ಹಾಕಿ. ಹುಡುಗರ ಹೆಸರು, ವಿಳಾಸ ಕಡತಕ್ಕೆ ಹೋಗಬಾರದು.

ಒಂದು ಗೆರೆಯನ್ನಂತೂ ದಾಟಲೇಬಾರದು. ದೌರ್ಜನ್ಯಕ್ಕೆ ಒಳಗಾದ ಮಗು, ಪ್ರಕರಣದಲ್ಲಿ ಸಿಕ್ಕ ಮಗು, ಸಾಕ್ಷಿಯಾದ ಮಗು, ಇವರ ಗುರುತು ಬಿಡುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಕಲಂ ಇನ್ನೂ ಬಿಗಿ. ಹೆಸರು ಬಿಟ್ಟರೆ ಸಾಲದು. ಹಳ್ಳಿಯಲ್ಲಿ ‘ಕೆರೆ ಓಣಿಯ ಒಂಬತ್ತನೇ ತರಗತಿ ಹುಡುಗಿ’ ಅಂದರೆ ಹೆಸರು ಹೇಳಿದಂತೆಯೇ. ಬಾಲ್ಯವಿವಾಹದ ಸುಳಿವು ಹುಡುಗರಿಗೆ ಸಿಕ್ಕರೆ ಅದನ್ನು ಹಾಳೆಗೆ ಹಾಕಬಾರದು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಇದನ್ನು ಮೊದಲ ದಿನವೇ ಹುಡುಗರಿಗೆ ಹೇಳಿಡಿ.


ಮೈಕ್ ಧಾರವಾಡ

ಅಕ್ಕಾರ, ಬರಿಯಾಕ ಹಿಂಜರಿಯೂ ಹುಡುಗ್ರ ಬಗ್ಗೆ ಕೇಳಿದ್ರಿ. ಅವರಿಗೆ ಮೊದ್ಲ ಮಾತಾಡಸ್ರಿ, ಆಮ್ಯಾಲ ಅದನ್ನ ಕೇಳಕೋಂತ ಹಾಳಿಗೆ ಇಳಸ್ರಿ. ಪ್ರಬಂಧದ ಚಟಾ ಬಿಡಸಾಕ ಇದಕ್ಕಿಂತ ಚಲೋ ಉಪಾಯ ಇಲ್ಲ. ಒಬ್ಬರು ಕೇಳಬೇಕು, ಒಬ್ಬರು ಹೇಳಬೇಕು, ಫೋನು ನಡುವ. ಫೋನಿನ ವಾಯ್ಸ್ ಟೈಪಿಂಗ್ ನಂಬಬ್ಯಾಡ್ರಿ. ಅದಕ್ಕ ಪುಸ್ತಕದ ಕನ್ನಡ ತಿಳಿತೈತಿ, ‘ಹೊಂಟಿದ್ವಿ’, ‘ಬರಂಗಿಲ್ಲ’ ಅಂದ್ರ ಬ್ಯಾರೇನರ ಬರದುಬಿಡತೈತಿ. ಹತ್ತು ಹತ್ತು ಸೆಕೆಂಡು ಕೇಳಿ ನಿಲ್ಲಿಸಿ, ಕೈಲೆ ಬರಿಬೇಕು.

ರೆಕಾರ್ಡ್ ಮಾಡುಮುಂದ ಫೋನ್ ಏರೋಪ್ಲೇನ್ ಮೋಡಿಗೆ ಹಾಕ್ರಿ, ಇಲ್ಲಂದ್ರ ನಟ್ಟನಡುವ ಕರೆ ಬರತೈತಿ. ಮೈಕಿನ ಸಣ್ಣ ತೂತು ಫೋನಿನ ಕೆಳಗಿನ ಅಂಚಿನಾಗ ಇರತೈತಿ, ಹುಡುಗ್ರು ಅಲ್ಲೇ ಬೆರಳಿಟ್ಟು ಮುಚ್ಚಿರತಾರ. ಬಾಯಿಂದ ಒಂದು ಗೇಣು ದೂರ, ನೇರ ಎದುರಿಗೆ ಬ್ಯಾಡ, ಒಂಚೂರು ಓರಿ ಹಿಡೀಬೇಕು. ನೇರ ಹಿಡದ್ರ ‘ಪ’, ‘ಭ’ ಅನ್ನುಮುಂದ ಉಸಿರು ಬಡದು ಡಬ್ ಅಂತೈತಿ. ಫ್ಯಾನ್ ಬಂದ್ ಮಾಡ್ರಿ. ಬರೇ ಗ್ವಾಡಿ ಇರೂ ಖೋಲಿಯೊಳಗ ದನಿ ಗುಂಯ್ ಅಂತೈತಿ. ಮಾತಾಡವರ ಹಿಂದ ಒಂದು, ಬಾಜೂಕ ಒಂದು ಕೌದಿ ಜೋತು ಬಿಡ್ರಿ, ಅರ್ಧ ಗುಂಗು ಹೋಗತೈತಿ. ಹೊಲದಾಗ, ಬಸ್ ಸ್ಟ್ಯಾಂಡಿನಾಗ ಗಾಳಿ ಇದ್ರ ಮೈಕಿನ ಕಡೆ ಒಂದು ತೆಳು ಹತ್ತಿ ಕಾಲುಚೀಲ ಏರಸ್ರಿ. ಮೊದ್ಲ 20 ಸೆಕೆಂಡು ರೆಕಾರ್ಡ್ ಮಾಡಿ ಇಯರ್‌ಫೋನ್ ಹಾಕ್ಕೊಂಡು ಕೇಳಿ ಆಮ್ಯಾಲ ಮುಂದ ಹೋಗೂದು. ಕಡೀಕ ಯಾರೂ ಮಾತಾಡದ ಹತ್ತು ಸೆಕೆಂಡು ಹಂಗ ಹಿಡಕೊಳ್ರಿ. ಕತ್ತರಿಸಿ ಕೂಡಸುಮುಂದ ಸಂದಿಯೊಳಗ ತುಂಬಾಕ ಅದು ಬೇಕಾಗತೈತಿ.

ಕೇಳೂ ಹುಡುಗ್ರಿಗೆ ಎರಡು ಮಾತು ಕಲಸ್ರಿ. ‘ಬಸ್ಸಿಂದ ತೊಂದರಿ ಆಗೇತೇನ್ರಿ?’ ಅಂದ್ರ ‘ಹೌದು’ ಅಂತಾರ, ಮುಗೀತು. ‘ನಿನ್ನೆ ಮುಂಜಾನೆ ಏನಾತು, ಮೊದಲಿಂದ ಹೇಳ್ರಿ’ ಅಂದ್ರ ಮಾತು ಹರೀತೈತಿ. ಎದುರಿಗಿದ್ದವರು ಹೇಳುಮುಂದ ‘ಹೂಂ, ಹೂಂ’ ಅನಬಾರದು. ಅದೆಲ್ಲಾ ರೆಕಾರ್ಡ್ ಆಗಿ ತಗಿಯಾಕ ಬರಂಗಿಲ್ಲ. ತಲಿ ಅಲ್ಲಾಡಿಸಿದ್ರ ಸಾಕು. ‘ಈ ಮಾತು ಊರಾಗ ಕೇಳಸಬಹುದು’ ಅಂತ ಅವರ ಬಾಯಿಂದನ ಸುರುವಿಗೆ ಹೇಳಸ್ರಿ. ದೊಡ್ಡವರ ಮಟ್ಟಿಗೆ ಆ ಒಪ್ಪಿಗಿ ಸಾಕು, ಸಣ್ಣವರಿಗೆ ಮನಿಯವರ ಸಹಿ ಬೇಕ ಬೇಕು.

ಹತ್ತು ನಿಮಿಷದ್ದನ್ನ ಮೂರು ನಿಮಿಷಕ್ಕ ಇಳಸ್ರಿ. ಹಳೇ ಕಂಪ್ಯೂಟರಿಗೆ ಆಡಾಸಿಟಿ ಅನ್ನೂ ಪುಕ್ಕಟ ತಂತ್ರಾಂಶ ನಡೀತೈತಿ. ಭಾಳ ಫೋನು ಎಂ4ಎ ಅನ್ನೂ ರೂಪದಾಗ ಉಳಸ್ತಾವ, ಅದನ್ನ ಆಡಾಸಿಟಿ ಎಫ್‌ಎಫ್‌ಎಂಪೆಗ್ ಅನ್ನೂ ಇನ್ನೊಂದು ತಂತ್ರಾಂಶ ಇಲ್ಲದ ತೆಗಿಯೂದಿಲ್ಲ. ರೆಕಾರ್ಡರ್ ಸೆಟ್ಟಿಂಗಿನಾಗ ಮೊದ್ಲ ಡಬ್ಲ್ಯೂಎವಿ ಇಲ್ಲಾ ಎಂಪಿ3 ಆರಿಸ್ಕೊಂಡ್ರ ಆ ರಗಳಿನ ಇಲ್ಲ. ಮೊನೊ, 64 ಕೆಬಿಪಿಎಸ್ ಎಂಪಿ3 ಮಾಡಿದ್ರ ಮೂರು ನಿಮಿಷಕ್ಕ ಒಂದೂವರಿ ಎಂಬಿಯೊಳಗ ಬರತೈತಿ, ಯಾರ ಫೋನಿಗಾದ್ರೂ ಹೋಗತೈತಿ.

ಕೇಳಸೂದು ಎಲ್ಲಿ? ವಾಟ್ಸ್ಆ್ಯಪ್ ಒಂದನ್ನ ನಂಬಿದ್ರ ಫೋನ್ ಇಲ್ಲದ ಹೆಣ್ಣುಮಕ್ಕಳು, ಮುದುಕರು ಹೊರಗ ಉಳೀತಾರ. ಹಾಲಿನ ಡೇರಿ, ಹಿಟ್ಟಿನ ಗಿರಣಿ, ಸ್ವಸಹಾಯ ಸಂಘದ ಸಭೆ, ಮಂದಿ ತಾವಾಗೇ ಕಾಯಕೋಂತ ಕುಂಡ್ರೂ ಜಾಗಾದಾಗ ಸಣ್ಣ ಬ್ಲೂಟೂತ್ ಸ್ಪೀಕರ್ ಇಟ್ಟು ಕೇಳಸ್ರಿ. ಸಮುದಾಯ ಬಾನುಲಿ ಬಗ್ಗೆ ಯಾರರ ಹೇಳತಾರ, ಅದಕ್ಕ ಮೊದ್ಲ ತಿಳಕೊಳ್ರಿ: ಆ ಕೇಂದ್ರಗಳ ಪ್ರಸಾರದ ಶಕ್ತಿ 100 ವ್ಯಾಟಿಗೆ ಕಟ್ಟಿಟ್ಟಾರ, ಹತ್ತು ಹದಿನೈದು ಕಿಲೋಮೀಟರ್ ಮುಟ್ಟತೈತಿ ಅಷ್ಟ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ ರೋಣಕ್ಕ ಕೇಳಂಗಿಲ್ಲ. ಮ್ಯಾಲ ಅವರು ತಮ್ಮದ ಸುದ್ದಿ ಪ್ರಸಾರ ಮಾಡಾಕ ಬರಂಗಿಲ್ಲ, ಆಕಾಶವಾಣಿ ಸುದ್ದಿ ಮರುಪ್ರಸಾರ ಮಾಡಬಹುದು. ಆದ್ರ ಹುಡುಗ್ರ ಮಾತುಕತಿ, ಹಂತಿ ಪದ (ರಾಶಿ ಮಾಡುಮುಂದ ಹಾಡೂ ಜನಪದ ಹಾಡು), ಬೆಳಿ, ಪರೀಕ್ಷಾ, ಇವಕ್ಕೆಲ್ಲಾ ಜಾಗಾ ಐತಿ. ಇಡೀ ಭಾಗಕ್ಕ ಮುಟ್ಟೂದು 1950ರಿಂದ ನಡದ ಧಾರವಾಡ ಆಕಾಶವಾಣಿ. ಮೂರ್ನಾಲ್ಕು ಚಲೋ ತುಣುಕು ಕೈಯಾಗ ಆದಮ್ಯಾಲ ಕಾರ್ಯಕ್ರಮ ವಿಭಾಗಕ್ಕ ಪತ್ರಾ ಬರೀರಿ, ತುಣುಕು ಇಲ್ಲದ ಬರದ್ರ ಉಪಯೋಗ ಇಲ್ಲ.


ಹಾವೇರಿ ಟೀಚರ್

ಡೆಸ್ಕ್ ಸರ್ ಹೇಳಿದ ಬಸ್ಸಿನ ದಾಖಲೆ ತುಂಬಾ ಚೆನ್ನಾಗಿದೆ. ಆದರೆ ಅವರ ಉತ್ತರದಲ್ಲಿ ಅಭಿಪ್ರಾಯಕ್ಕೆ ಜಾಗವೇ ಕಾಣಲಿಲ್ಲ. ಹುಡುಗರಿಗೆ ಅಂಕಿ ಹಿಡಿಸುವುದಷ್ಟೇ ಅಲ್ಲ, ‘ನನಗೆ ಹೀಗನಿಸುತ್ತದೆ’ ಎಂದು ಊರ ಮುಂದೆ ಹೇಳುವ ಅವಕಾಶವೂ ಬೇಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಒಪ್ಪಿ ಸೇರಿದ್ದು 1992ರಲ್ಲಿ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕು ಅನ್ನುವುದು ಅದರ 12ನೇ ವಿಧಿ. ಹಾಗಾಗಿ ನಾಲ್ಕು ಬರಹದಲ್ಲಿ ಒಂದು ಅಭಿಪ್ರಾಯದ್ದೇ ಇರಲಿ. ಅದರ ಸುತ್ತ ಬೇರೆ ಬಣ್ಣದ ಗೆರೆ ಎಳೆದು ಮೇಲೆ ‘ಅಭಿಪ್ರಾಯ’ ಅಂತ ಬರೆಯಿರಿ. ಸುದ್ದಿಯೊಳಗೆ ಅಭಿಪ್ರಾಯ ಕಲಸಿದರೆ ಎರಡೂ ಕೆಡುತ್ತವೆ.

ಅಭಿಪ್ರಾಯವೂ ಪ್ರಬಂಧ ಆಗದ ಹಾಗೆ ಒಂದು ಅಚ್ಚು ಕೊಡಿ, ಐದೇ ವಾಕ್ಯ: ನನಗೆ ಏನನಿಸುತ್ತದೆ, ಅದಕ್ಕೆ ನಾನು ಕಂಡ ಒಂದು ಕಾರಣ, ಇನ್ನೊಬ್ಬರಿಂದ ಕೇಳಿದ ಒಂದು ಕಾರಣ, ಇದನ್ನು ಒಪ್ಪದವರು ಏನನ್ನುತ್ತಾರೆ, ಯಾರು ಏನು ಮಾಡಬೇಕು. ನಾಲ್ಕನೇ ವಾಕ್ಯ ಬರೆಯಲು ಹುಡುಗರು ಭಾಳ ಒದ್ದಾಡುತ್ತಾರೆ, ಬಿಡಬೇಡಿ. ನಮ್ಮ ಕಡೆ ಬ್ಯಾಡಗಿ ಸುತ್ತ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳು ಹೋಗುತ್ತಾರೆ. ‘ಕೂಲಿ ಹೆಚ್ಚಾಗಬೇಕು’ ಅಂದರೆ ಘೋಷಣೆ. ಒಂದು ಕಿಲೋಕ್ಕೆ ಎಷ್ಟು ಕೊಡುತ್ತಾರೆ, ಎಂಟು ತಾಸಿಗೆ ಎಷ್ಟು ಕಿಲೋ ಆಗುತ್ತದೆ, ಘಾಟಿಗೆ ಮೂಗಿಗೆ ಕಟ್ಟಿಕೊಳ್ಳಲು ಏನು ಕೊಟ್ಟಿದ್ದಾರೆ, ಕೆಲಸ ಕೊಡುವವರು ಯಾಕೆ ಹೆಚ್ಚಿಸಲಾಗದು ಅನ್ನುತ್ತಾರೆ, ಇಷ್ಟು ಸೇರಿದರೆ ಅಭಿಪ್ರಾಯ.

ನಿಮ್ಮಲ್ಲಿ ಒಂಬತ್ತು ಹೆಣ್ಣುಮಕ್ಕಳು ಇದ್ದಾರೆ ಅಂದಿರಿ. ವಿಷಯ ಆರಿಸುವಾಗ ಕೈ ಎತ್ತಿಸಬೇಡಿ, ಗಟ್ಟಿ ದನಿ ಇದ್ದವರೇ ಗೆಲ್ಲುತ್ತಾರೆ. ಪ್ರತಿಯೊಬ್ಬರೂ ಹೆಸರಿಲ್ಲದೆ ಎರಡು ಚೀಟಿ ಬರೆದು ಡಬ್ಬಿಗೆ ಹಾಕಲಿ. ‘ಶಾಲೆಯ ಶೌಚಾಲಯಕ್ಕೆ ಚಿಲಕ ಇಲ್ಲ’ ಅನ್ನುವಂಥದ್ದು ಚೀಟಿಯಲ್ಲಿ ಮಾತ್ರ ಬರುತ್ತದೆ. ಸಂಪಾದಕರನ್ನು ಪ್ರತಿ ಸಂಚಿಕೆಗೂ ಬದಲಿಸಿ, ಒಮ್ಮೆ ಹುಡುಗಿ, ಒಮ್ಮೆ ಹುಡುಗ. ಕಚೇರಿಗೆ ಹೋಗುವಾಗ ಜೋಡಿಯಾಗಿ, ಶನಿವಾರ ಮಧ್ಯಾಹ್ನ, ಕತ್ತಲಾಗುವ ಮೊದಲು ಮನೆ ಸೇರುವಂತೆ. ಒಮ್ಮೆ ತಡವಾದರೆ ಮುಂದಿನ ತಿಂಗಳು ಆ ಹುಡುಗಿಯನ್ನು ಮನೆಯಲ್ಲಿ ಕಳಿಸುವುದೇ ಇಲ್ಲ.

ಇನ್ನೊಂದು, ನವೆಂಬರ್ ಆಸುಪಾಸಿಗೆ ಮಕ್ಕಳ ಗ್ರಾಮಸಭೆ ಬರುತ್ತದೆ. ಅಷ್ಟರೊಳಗೆ ಮೂರು ಸಂಚಿಕೆ ತಂದಿದ್ದರೆ ಅವನ್ನೇ ಸಭೆಯ ಗೋಡೆಗೆ ಹಚ್ಚಿ ಮಾತಾಡಿಸಿ. ಅಲ್ಲಿ ಆದ ಠರಾವಿನ ನಕಲು ತಗೊಳ್ಳುವುದನ್ನು ಮರೆಯಬೇಡಿ. ನಕಲಿಲ್ಲದೆ ಮುಂದಿನ ವರ್ಷ ‘ಹೋದ ಸಲ ಏನು ಒಪ್ಪಿಕೊಂಡಿರಿ?’ ಎಂದು ಕೇಳಲು ಆಧಾರವೇ ಇರುವುದಿಲ್ಲ.


ಡೆಸ್ಕ್ ಹುಬ್ಬಳ್ಳಿ

ಟೀಚರ್ ಹೇಳಿದ್ದು ಸರಿ, ಐದು ವಾಕ್ಯದ ಅಚ್ಚು ನಾನೂ ಒಪ್ಪುತ್ತೇನೆ. ನನ್ನದೊಂದೇ ಸೇರ್ಪಡೆ: ಅಭಿಪ್ರಾಯ ಬರೆದವರೇ ಅದೇ ಸಂಚಿಕೆಯಲ್ಲಿ ಅದೇ ವಿಷಯದ ಸುದ್ದಿ ಬರೆಯಬಾರದು. ಕೂಲಿ ಹೆಚ್ಚಾಗಬೇಕು ಎಂದು ಬರೆದವಳು ಕೂಲಿಯ ಲೆಕ್ಕ ತರಲು ಹೋದರೆ ಕೆಲಸ ಕೊಡುವವರು ಬಾಯಿ ಬಿಡುವುದಿಲ್ಲ.


ಅರಿವು ರೋಣ

ಎಲ್ಲಾರಿಗೂ ಶರಣು. ಒಪ್ಪಿಗಿ ಪತ್ರ ನುಡಿಯೊಳಗ ಟೈಪ್ ಮಾಡಿ ಪಾಲಕರ ವಾಟ್ಸ್ಆ್ಯಪಿಗೆ ಹಾಕಿದ್ರ ಬರೇ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣತಾವಂತ. ಇದಕ್ಕೇನು ಮಾಡೂದು? ಹಳೇ ಹಾಳಿಗೋಳನ್ನ ಹ್ಯಾಂಗ ಕಾದಿಡೂದು?


ಡೆಸ್ಕ್ ಹುಬ್ಬಳ್ಳಿ

ನೀವು ಟೈಪ್ ಮಾಡಿದ್ದು ನುಡಿಯ ಹಳೇ ಅಕ್ಷರಶೈಲಿಯಲ್ಲಿ. ಆ ಫಾಂಟ್ ಇಲ್ಲದ ಫೋನಿನಲ್ಲಿ ಹಾಗೆಯೇ ಕಾಣುತ್ತದೆ. ನುಡಿಯಲ್ಲೇ ಯುನಿಕೋಡ್ (ಎಲ್ಲಾ ಫೋನಿಗೂ ತಿಳಿಯುವ ಅಕ್ಷರ ಸಂಕೇತ) ಆಯ್ಕೆ ಇದೆ, ಅದನ್ನು ಒತ್ತಿಕೊಂಡು ‘ತುಂಗಾ’ ಅಥವಾ ‘ನಿರ್ಮಲಾ’ ಫಾಂಟಿನಲ್ಲಿ ಹೊಸದಾಗಿ ಟೈಪ್ ಮಾಡಿ. ಈಗಾಗಲೇ ಟೈಪ್ ಆದದ್ದನ್ನು ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಸರಿ ಬರುತ್ತದೆ, ಆದರೆ ರ್ಕ, ರ್ಯದಂಥ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಒಂದೊಂದಾಗಿ ನೋಡಬೇಕು. ಸಹಿ ಬೇಕಾದ ಪತ್ರವಾದ್ದರಿಂದ ಪಿಡಿಎಫ್ ಮಾಡಿ ಕಳಿಸಿ, ಇಲ್ಲವೇ ಮುದ್ರಿಸಿ ಹುಡುಗರ ಕೈಯಲ್ಲೇ ಕೊಟ್ಟುಬಿಡಿ.

ಹಾಳೆ ಇಳಿಸುವ ದಿನ ಮುಂಜಾನೆ ನೆರಳಿನಲ್ಲಿಟ್ಟು ಫೋಟೊ ತೆಗೆಯಿರಿ. ಬಿಸಿಲಿಗೆ ಹಿಡಿದರೆ ಮಾರ್ಕರ್ ಮಿಂಚಿ ಅಕ್ಷರ ಕಾಣುವುದಿಲ್ಲ, ಫ್ಲ್ಯಾಷ್ ಹಾಕಿದರೂ ಅದೇ ಕಥೆ. ಇಡೀ ಹಾಳೆಯದೊಂದು, ಮೂರು ಕಾಲಂಗಳದು ಮೂರು. ಪ್ಲಾಸ್ಟಿಕ್ ತೆಗೆದು ಒಂದು ದಿನ ಒಳಗೆ ಆರಲು ಬಿಡಿ, ಬರಹ ಒಳಮುಖವಾಗಿ ಸುರುಳಿ ಸುತ್ತಿ, ಹೊರಗೆ ಸಂಚಿಕೆ ಸಂಖ್ಯೆ ಮತ್ತು ತಾರೀಖು ಬರೆದು ಕಪಾಟಿನ ಮೇಲಿನ ಅರೆಯಲ್ಲಿಡಿ. ಬಸ್ಸಿನ ನೋಟ್‌ಬುಕ್ಕನ್ನು ಮಾತ್ರ ಹಾಳೆಗಿಂತ ಜೋಪಾನ ಮಾಡಿ. ಯಾರಾದರೂ ‘ಇದು ಸುಳ್ಳು’ ಎಂದು ಬಂದ ದಿನ ತೆಗೆದು ತೋರಿಸುವುದು ಅದನ್ನೇ.